ಶುಕ್ರವಾರ ಏಳದ ಗಾಡಿ

ಪೊಲೀಸ್ ಠಾಣೆಯ ಹಿತ್ತಲಿನಿಂದ ನನ್ನ ಮಗ ಅಭಿಜಿತನ ಮೋಟರ್‌ಸೈಕಲ್ಲನ್ನು ಟೆಂಪೋದಲ್ಲಿ ಹೇರಿಕೊಂಡು ಬಂದು ಮನೀಶ್ ನಗರದ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಇಳಿಸಿದಾಗ ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಗಾಡಿಗೆ ಏನೂ ಆಗಿರಲಿಲ್ಲ. ಹಿಂದಿನ ದೀಪದ ಗಾಜು ಒಡೆದಿತ್ತು, ಎಡಗಡೆಯ ಕನ್ನಡಿ ಹೋಗಿತ್ತು, ಹ್ಯಾಂಡಲ್ ತುಸು ಸೊಟ್ಟಗಾಗಿತ್ತು, ಅಷ್ಟೇ. ನನ್ನ ಮಗನನ್ನು ಗುರುತು ಹಿಡಿಯಲು ನಾನು ಅವನ ಕೈಗಡಿಯಾರ ನೋಡಬೇಕಾಗಿ ಬಂತು. ಈ ಹಾಳಾದದ್ದು ಮಾತ್ರ ಮಳೆಗಾಲವಿಡೀ ಠಾಣೆಯಲ್ಲಿ ಆರಾಮಾಗಿ ನಿಂತು ಧೂಳು ಹೊದ್ದುಕೊಂಡು ಬಂದಿತ್ತು. ಕೇಸಿನ ಕಾಗದಪತ್ರ ಮುಗಿಯುವಷ್ಟರಲ್ಲಿ ದೀಪಾವಳಿ ದಾಟಿ ನಾಗಪುರಕ್ಕೆ ಚಳಿ ಬಿದ್ದಿತ್ತು.

ಅಭಿ ಮೌದಾದ ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರ್ ಆಗಿದ್ದ. ಬೆಳಗಿನ ಪಾಳಿಗೆ ಕತ್ತಲಿರುವಾಗಲೇ ಎದ್ದು ಭಂಡಾರಾ ರಸ್ತೆ ಹಿಡಿದು ಹೋಗುತ್ತಿದ್ದ. ಆಷಾಢದ ಒಂದು ಶುಕ್ರವಾರ, ಕಾಪಸಿ ಎಂಬ ಊರು ದಾಟಿದ ಮೇಲೆ, ಗಾಡಿ ರಸ್ತೆಯ ನಡುವೆಯೇ ನಿಂತುಬಿಟ್ಟಿತು. ಇಳಿದು ಕಿಕ್ ಹೊಡೆದನಂತೆ, ಏಳಲಿಲ್ಲ. ಅಂಚಿಗೆ ತಳ್ಳಿಕೊಂಡು ಹೋಗಿ ಮತ್ತೆ ಹೊಡೆದನಂತೆ. ಕಳಮನಾ ಮಂಡಿಯಲ್ಲಿ ಸರಕು ಇಳಿಸಿ ಖಾಲಿ ಮರಳುತ್ತಿದ್ದ ಟ್ರಕ್ಕಿಗೆ ಆ ಮಳೆಯಲ್ಲಿ ಅವನು ಕಾಣಲಿಲ್ಲ. ಇದೆಲ್ಲ ಎದುರಿನ ಚಹಾದಂಗಡಿಯವನು ಪೊಲೀಸರಿಗೆ ಹೇಳಿದ್ದು. ಎಲ್ಲರೂ ಟ್ರಕ್ಕಿನವನನ್ನು ಬೈದರು. ನಾನು ಬೈಯಲಿಲ್ಲ. ಟ್ರಕ್ಕು ತನ್ನ ದಾರಿಯಲ್ಲಿ ಹೋಗುತ್ತಿತ್ತು. ನಿಲ್ಲಬಾರದ್ದು ನಿಂತದ್ದು ಗಾಡಿ. ಅದು ಯಾಕೆ ನಿಂತಿತು ಎಂಬುದು ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ.

ಅದರ ಹಿಂದಿನ ಭಾನುವಾರ ನನ್ನ ಅಳಿಯ ಪ್ರಸನ್ನ ಅದೇ ಗಾಡಿಯ ಕಾರ್ಬುರೇಟರ್ ಬಿಚ್ಚಿಕೊಂಡು ಪಾರ್ಕಿಂಗಿನಲ್ಲಿ ಕೂತಿದ್ದ. ಮೈಸೂರಿನವನು, ಇಲ್ಲಿಯ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ. ವಾರವಿಡೀ ಕೀಬೋರ್ಡು ಕುಟ್ಟುವವನಿಗೆ ರಜೆಯ ದಿನ ಕೈಗೆ ಗ್ರೀಸು ಹಚ್ಚಿಕೊಳ್ಳುವ ಹುಚ್ಚು. 'ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಸತಾಯಿಸ್ತಿತ್ತಂತೆ ಮಾವ, ಕ್ಲೀನ್ ಮಾಡಿದೀನಿ' ಎಂದು ಹೇಳಿ, ಊಟ ಮಾಡಿ, ನನ್ನ ಮಗಳನ್ನು ಕರೆದುಕೊಂಡು ಮನೆಗೆ ಹೋದ. ಆ ವಾರ ಮುಗಿಯುವುದರೊಳಗೆ ನಮ್ಮ ಮನೆಯಲ್ಲಿ ಹೆಣ ಬಿದ್ದಿತ್ತು. ಇದಕ್ಕಿಂತ ಬೇರೆ ಸಾಕ್ಷಿ ಏನು ಬೇಕು?

ನಮ್ಮಲ್ಲಿ ಅಳಿಯನಿಗೆ ಬಹುವಚನ. ವಯಸ್ಸಿನಲ್ಲಿ ಎಷ್ಟೇ ಚಿಕ್ಕವನಿರಲಿ, 'ಬರ್ರಿ, ಕೂಡ್ರಿ' ಎಂದೇ ಮಾತು. ಹದಿಮೂರನೆಯ ದಿನ, ಭಟ್ಟರು, ನೆಂಟರು, ಮಹಡಿಯ ಮಂದಿಯೆಲ್ಲ ಕೂತಿರುವಾಗ, ನಾನು ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದೆ. 'ಬರದ ಕೆಲಸಕ್ಕ ಯಾಕ ಕೈ ಹಾಕಿದ್ಯೋ? ನೀ ಕೊಂದಿ ನನ್ನ ಮಗನ್ನ' ಎಂದೆ. ಅವನು ತಲೆ ತಗ್ಗಿಸಿ ನಿಂತ. ಒಂದು ಮಾತು ಆಡಲಿಲ್ಲ. ತಪ್ಪಿಲ್ಲದವನು ಸುಮ್ಮನಿರುತ್ತಾನೆಯೇ ಎಂದು ನನ್ನ ಅನುಮಾನ ಮತ್ತೂ ಗಟ್ಟಿಯಾಯಿತು. ಮಗಳು ಚಾರುಲತಾ ಎದ್ದು, ಅವನ ಕೈ ಹಿಡಿದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ನನ್ನ ಹೆಂಡತಿ ಕೃಷ್ಣವೇಣಿ ಆಮೇಲೆ ಬದುಕಿ ಉಳಿದದ್ದು ಆ ಮಾತಿನ ಮೇಲೆಯೇ. ಇದನ್ನು ನಾನು ಉತ್ಪ್ರೇಕ್ಷೆಗೆ ಹೇಳುತ್ತಿಲ್ಲ. ಮೊದಲ ಹದಿಮೂರು ದಿನ ಅವಳ ಗಂಟಲಿನಲ್ಲಿ ಅನ್ನ ಇಳಿದಿರಲಿಲ್ಲ. ಪ್ರಸನ್ನನನ್ನು ಬೈಯತೊಡಗಿದ ಮೇಲೆ ಇಳಿಯಿತು. ಬೆಳಿಗ್ಗೆ ಹಾಲು ಕಾಯಿಸುತ್ತ ಬೈಯುವಳು, ಬತ್ತಿ ಹೊಸೆಯುತ್ತ ಬೈಯುವಳು. ಬೈಯಲು ಒಬ್ಬ ಮನುಷ್ಯನಿದ್ದ, ಅದಕ್ಕೇ ಅವಳು ಏಳುತ್ತಿದ್ದಳು, ಸ್ನಾನ ಮಾಡುತ್ತಿದ್ದಳು, ದೇವರ ದೀಪ ಹಚ್ಚುತ್ತಿದ್ದಳು.

ಗಾಡಿ ಬಂದ ಮರುದಿನ ಚಾರು ಫೋನ್ ಮಾಡಿದಳು. ಅವಳಿಗೆ ಆಗ ಏಳನೆಯ ತಿಂಗಳು. ಚೊಚ್ಚಲು. ತವರಿನಲ್ಲಿ ಆಗಬೇಕಾದ ಬಾಣಂತನ.

'ಅಪ್ಪಾ, ಇವರ ಅಮ್ಮ ಮೈಸೂರಿಂದ ಬರ್ತೀನಿ ಅಂತಿದ್ದಾರ. ನಾ ಇನ್ನೂ ಹೂಂ ಅಂದಿಲ್ಲ.'

'ಯಾಕ, ನಿನ್ನ ತಾಯಿ ಇಲ್ಲೇನು?'

'ಅದಾಳ. ನೀವಿಬ್ರೂ ಇವರ ಮ್ಯಾಲೆ ಹಾಕಿದ ಮಾತು ವಾಪಸ್ ತೊಗೋರಿ, ಇವತ್ತ ಬರ್ತೀನಿ. ಇಲ್ಲಾಂದ್ರ ಆ ಮನಿ ಮೆಟ್ಟಲಾ ಹತ್ತೂದಿಲ್ಲ ನಾ. ಕೂಸನ್ನೂ ಹತ್ತಿಸೂದಿಲ್ಲ.'

ಸಣ್ಣವಳಿದ್ದಾಗಿನಿಂದ ಅವಳದು ನನ್ನದೇ ಸ್ವಭಾವ. ಹೇಳಿದರೆ ಮಾಡುವವಳೇ. ಮಾತು ಹಿಂದೆ ತೆಗೆದುಕೊಳ್ಳುವ ಗುಣ ನನಗೂ ಇಲ್ಲ. ಹಾಗಾಗಿ ನಾನು ಇನ್ನೊಂದು ದಾರಿ ಹಿಡಿದೆ. ಗಾಡಿಯನ್ನು ಬಿಚ್ಚಿ, ಪ್ರಸನ್ನ ಎಲ್ಲಿ ಕೆಡಿಸಿಟ್ಟಿದ್ದಾನೆ ಎಂಬುದನ್ನು ಕಂಡುಹಿಡಿದು, ಆ ಭಾಗವನ್ನೇ ಒಯ್ದು ಮಗಳ ಮುಂದೆ ಇಡುವುದು. ಕಣ್ಣಾರೆ ನೋಡಿದ ಮೇಲೆ ಏನು ಹೇಳುತ್ತಾಳೆ? ಅಳುತ್ತಾಳೆ, ತಾಯಿಯ ಹತ್ತಿರ ಬರುತ್ತಾಳೆ.

ಆ ಗಾಡಿ ಮೊದಲು ನನ್ನದು. ಗಣಿ ಇಲಾಖೆಯಲ್ಲಿ ನಕ್ಷೆ ಬಿಡಿಸುವ ನೌಕರಿಯಲ್ಲಿದ್ದಾಗ ಅದರ ಮೇಲೇ ಓಡಾಡಿದವನು, ನಿವೃತ್ತಿಯಾದ ಮೇಲೆ ಅಭಿಗೆ ಕೊಟ್ಟಿದ್ದೆ. ಅದರ ಒಂದೊಂದು ನಟ್ಟೂ ನನಗೆ ಗೊತ್ತು. ಏಳದ ಗಾಡಿಗೆ ಇರುವುದು ಮೂರೇ ಕಾರಣ: ಕಿಡಿ ಇಲ್ಲ, ಗಾಳಿ ಇಲ್ಲ, ಪೆಟ್ರೋಲ್ ಇಲ್ಲ. ಉಳಿದದ್ದೆಲ್ಲ ಅಂಗಡಿಯವರು ನಮ್ಮನ್ನು ಹೆದರಿಸಲು ಹೇಳುವ ಮಾತು.

ಶನಿವಾರ ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು, ಹಳೆಯ ಗೋಣಿಚೀಲ ಹಾಸಿಕೊಂಡು ಕೂತೆ. ಮೊದಲು ಕಿಕ್ ಹೊಡೆದು ನೋಡಿದೆ. ಎಂಜಿನ್ ಎರಡು ಸಲ ಕೆಮ್ಮಿತು, ಸುಮ್ಮನಾಯಿತು. ಮತ್ತೆ ಹೊಡೆದೆ. ಕಾಲು ನೋವು ಬರುವವರೆಗೆ ಹೊಡೆದೆ. ಹೀಗೆಯೇ ಅಲ್ಲವೇ ಅವನೂ ಹೊಡೆದದ್ದು ಎಂದು ತಲೆಗೆ ಬಂದಾಗ ನಿಲ್ಲಿಸಿ, ಸೀಟಿನ ಮೇಲೆ ಕೈಯೂರಿ ಸ್ವಲ್ಪ ಹೊತ್ತು ನಿಲ್ಲಬೇಕಾಯಿತು.

ಪ್ಲಗ್ಗು ಬಿಚ್ಚಿದೆ. ಅದರ ತುದಿ ಒದ್ದೆಯಾಗಿತ್ತು. ಒರೆಸಿ, ವೈರಿನ ತುದಿಯ ಟೋಪಿಯೊಳಗೆ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಿಡಿದು ಕಿಕ್ ತುಳಿದೆ. ನೀಲಿ ಕಿಡಿ ಚಟಚಟ ಹಾರಿತು. ಕಿಡಿ ಇದೆ. ಗಾಳಿಯ ಫಿಲ್ಟರ್ ತೆಗೆದು ಝಾಡಿಸಿದೆ, ಧೂಳಿತ್ತು, ಕಟ್ಟಿರಲಿಲ್ಲ. ಗಾಳಿಯೂ ಇದೆ. ಉಳಿದದ್ದು ಪೆಟ್ರೋಲು. ಪೆಟ್ರೋಲಿನ ದಾರಿಯಲ್ಲಿರುವುದೇ ಕಾರ್ಬುರೇಟರ್, ಪ್ರಸನ್ನ ಕೈಯಾಡಿಸಿದ ಜಾಗ. ನನಗೆ ಒಳಗೊಳಗೇ ಖುಷಿಯಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ನಿಜಕ್ಕೂ ಖುಷಿಯಾಯಿತು.

ಸಾಮಾನಿನ ಚೀಲಕ್ಕೆ ಕೈ ಹಾಕಿದರೆ ಮೇಲುಗಡೆಯೇ ಒಂದು ಗಿಡ್ಡ ಸ್ಕ್ರೂಡ್ರೈವರ್ ಸಿಕ್ಕಿತು. ನನ್ನ ಕಾಲದ್ದಲ್ಲ. ಅದಕ್ಕೆ ಸುತ್ತಿದ್ದ ಬಟ್ಟೆ ಅಭಿಯ ಹಳೆಯ ಬನಿಯನ್ನಿನ ತುಂಡು, ಪೆಟ್ರೋಲಿನ ಕಲೆ ಮೇಲೆ ಕಲೆ. ಕಾರ್ಬುರೇಟರಿನ ಅಡಿಯಲ್ಲಿ, ಬಟ್ಟಲಿನ ಪೆಟ್ರೋಲ್ ಹೊರಬಿಡಲು ಒಂದು ಚಿಕ್ಕ ತಿರುಪು ಇರುತ್ತದೆ. ಅದರ ತಲೆ ಮತ್ತೆ ಮತ್ತೆ ತಿರುಗಿಸಿ ಬೆಳ್ಳಗೆ ಸವೆದಿತ್ತು. ಇದೇನು ಎಂದು ಒಂದು ಗಳಿಗೆ ಯೋಚಿಸಿದೆ, ಆಮೇಲೆ ಬಿಟ್ಟೆ. ಪ್ರಸನ್ನ ಮಾಡಿದ್ದೇ ಇರಬೇಕು ಎಂದುಕೊಂಡೆ. ಆ ದಿನಗಳಲ್ಲಿ ಎಲ್ಲವೂ ಪ್ರಸನ್ನ ಮಾಡಿದ್ದೇ.

ಟ್ಯಾಂಕಿನ ಕೆಳಗಿನ ನಲ್ಲಿ ನೋಡಿದೆ. ಅದರ ಹಿಡಿಕೆ ರಿಸರ್ವ್ ಕಡೆಗೆ ತಿರುಗಿತ್ತು. ಅಂದರೆ ದಾರಿಯಲ್ಲಿ ಪೆಟ್ರೋಲ್ ಕಡಿಮೆಯಾಗಿ ಗಾಡಿ ಎಳೆಯಲು ಸುರುಮಾಡಿದಾಗ ಅಭಿ ರಿಸರ್ವಿಗೆ ತಿರುಗಿಸಿದ್ದಾನೆ. ಎಲ್ಲರೂ ಮಾಡುವುದೇ ಅದು. ರಿಸರ್ವ್ ಎಂದರೆ ಟ್ಯಾಂಕಿನ ತಟ್ಟತಳದಲ್ಲಿ ಉಳಿದದ್ದನ್ನು ಎಳೆಯುವುದು. ನಾನು ಪೈಪು ಕಳಚಿ, ಖಾಲಿ ನೀರಿನ ಬಾಟಲಿ ಹಿಡಿದು ನಲ್ಲಿ ಬಿಟ್ಟೆ.

ಬಾಟಲಿ ತುಂಬಿದ ಮೇಲೆ ಎತ್ತಿ ಬೆಳಕಿಗೆ ಹಿಡಿದೆ. ಒಳಗೆ ಎರಡು ಪದರ ನಿಂತಿದ್ದವು. ಮೇಲೆ ತುಸು ಪೆಟ್ರೋಲು, ಕೆಳಗೆ ಅದಕ್ಕಿಂತ ಹೆಚ್ಚು ನೀರು. ನೀರು ಸ್ವಚ್ಛವಾಗಿರಲಿಲ್ಲ. ಕಂದು ಮಣ್ಣು ನಿಧಾನವಾಗಿ ತಳಕ್ಕೆ ಇಳಿಯುತ್ತಿತ್ತು. ಮಳೆಯ ನೀರು ಮುಚ್ಚಳದಿಂದ ಒಳಗೆ ಹೋಗಿರಬೇಕು ಎಂದುಕೊಂಡೆ. ಆದರೆ ಮುಚ್ಚಳದ ರಬ್ಬರು ಗಟ್ಟಿಯಾಗಿತ್ತು. ಠಾಣೆಯಲ್ಲಿ ಗಾಡಿ ತಗಡಿನ ಮಾಡಿನ ಕೆಳಗಿತ್ತು. ನಲ್ಲಿಯನ್ನೇ ಪೂರಾ ಬಿಚ್ಚಿ ತೆಗೆದೆ. ಅದರ ಜಾಳಿಗೆಗೆ ಏನೋ ಕಪ್ಪಗೆ ಅಂಟಿಕೊಂಡಿತ್ತು. ಉಗುರಿನಿಂದ ಬಿಡಿಸಿ ಅಂಗೈ ಮೇಲೆ ಹರಡಿದೆ. ಎಲೆ. ಪೆಟ್ರೋಲಿನಲ್ಲಿ ನೆನೆದು ನೆನೆದು ಕಪ್ಪಾಗಿತ್ತು, ಆದರೂ ಅಂಚಿನ ಸಣ್ಣ ಸಣ್ಣ ಹಲ್ಲು ಹಾಗೆಯೇ ಇದ್ದವು. ಒಂದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು.

ತುಳಸಿ ಎಲೆಯನ್ನು ಗುರುತು ಹಿಡಿಯದ ಮಾಧ್ವನಿಲ್ಲ. ಆ ಮಣ್ಣೂ ನನಗೆ ಗುರುತು. ನಮ್ಮ ದೇವರಮನೆಯಲ್ಲಿ ಬೆಳ್ಳಿಯ ಭರಣಿಯೊಳಗೆ ಇರುವುದು ಅದೇ ಬಣ್ಣದ ಮಣ್ಣು, ರಾಯರ ಬೃಂದಾವನದ ಮೃತ್ತಿಕೆ. ಜ್ವರ ಬಂದರೆ, ಪರೀಕ್ಷೆ ಇದ್ದರೆ, ಊರಿಗೆ ಹೊರಟರೆ, ಚಿಟಿಕೆ ಮೃತ್ತಿಕೆಯನ್ನು ತೀರ್ಥದಲ್ಲಿ ಕಲಸಿ ಮನೆಯ ಹೆಂಗಸು ಎಲ್ಲರ ಅಂಗೈಗೆ ಹಾಕುತ್ತಾಳೆ. ನನ್ನ ಹೆಂಡತಿ ಗುರುವಾರ ಸಂಜೆ ಮಂಗಳಾರತಿಯಾದ ಮೇಲೆ ಉದ್ಧರಣೆಯಲ್ಲಿ, ಅಂದರೆ ತೀರ್ಥದ ಆ ಪುಟ್ಟ ಚಮಚದಲ್ಲಿ, ಏನೋ ಹಿಡಿದುಕೊಂಡು ಕೆಳಗಿಳಿಯುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಗಾಡಿಯ ಮೇಲೆ ಪ್ರೋಕ್ಷಣೆ ಮಾಡಿ ಬರುತ್ತಾಳೆ ಎಂದುಕೊಂಡಿದ್ದೆ. ನಮ್ಮವರು ಗಾಡಿಗೆ ಮಾಡುವುದೇ ಅಷ್ಟು.

ಬಾಟಲಿಯನ್ನು ಗೋಣಿಚೀಲದ ಕೆಳಗೆ ಮುಚ್ಚಿಟ್ಟು ಮೇಲೆ ಹೋದೆ. ವೇಣಿ ಊಟದ ಮೇಜಿನ ಮೇಲೆ ಅಕ್ಕಿ ಹರಡಿಕೊಂಡು ಆರಿಸುತ್ತಿದ್ದಳು.

'ಸಿಕ್ತೇನ್ರಿ ಅಂವ ಮಾಡಿಟ್ಟಿದ್ದು?' ಎಂದಳು, ತಲೆಯೆತ್ತದೆ.

'ಇನ್ನೂ ನೋಡ್ಲಿಕ್ಹತ್ತೀನಿ. ವೇಣಿ, ಗುರುವಾರ ಉದ್ಧರಣಿ ಹಿಡಕೊಂಡು ಕೆಳಗ ಹೋಗ್ತಿದ್ದೆಲ್ಲ, ಆ ತೀರ್ಥ ಎಲ್ಲೆ ಹಾಕ್ತಿದ್ದಿ?'

'ಎಲ್ಲೆ ಅಂದ್ರ? ಗಾಡ್ಯಾಗ.' ಈಗ ತಲೆಯೆತ್ತಿದಳು. 'ಅಂವ ತೀರ್ಥ ತೊಗೋತಿದ್ನೇನು? ಎದ್ದಾವ್ನ ಬೂಟು ಹಾಕ್ಕೊಂಡು ಓಡೂದು. ಕುಡದು ಹೋಗೋ ಅಂದ್ರ ಶಿಫ್ಟ್ ಅದ, ಜಲ್ದಿ ಹೋಗಬೇಕು ಅಂತಿದ್ದ. ಅದಕ್ಕ ಮೃತ್ತಿಕಾ ಕಲಿಸಿ, ಒಂದು ತುಳಸಿ ದಳ ಹಾಕಿ, ಗಾಡಿ ಹೊಟ್ಟಿಯೊಳಗ ಬಿಡ್ತಿದ್ದೆ. ಅಂವ ಕುಡೀದಿದ್ರ ಅವನ್ನ ಹೊತ್ತುಕೊಂಡು ಹೋಗೂದರೆ ಕುಡೀಲಿ ಅಂತ. ಒಂದು ಗುರುವಾರ ತಪ್ಪಿಸಿಲ್ಲ ನಾ.'

ಅವಳು ಒಂದು ಕಲ್ಲು ಹೆಕ್ಕಿ ಬದಿಗಿಟ್ಟಳು.

'ರಾಯರು ಅಷ್ಟು ಕಾವಲಿದ್ರೂ ನನ್ನ ಕೂಸು ಉಳೀಲಿಲ್ಲ. ಅಂಥಾ ಕೆಲಸ ಮಾಡಿಟ್ಟಿದ್ದ ನೋಡ್ರಿ ನಿಮ್ಮ ಅಳಿಯ.'

ಮಧ್ಯಾಹ್ನ ಊಟವಾಯಿತೋ ಇಲ್ಲವೋ ನನಗೆ ನೆನಪಿಲ್ಲ. ಬಾಟಲಿಯನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು, ಆಟೋ ಹಿಡಿದು ತ್ರಿಮೂರ್ತಿ ನಗರದ ಮಗಳ ಮನೆಗೆ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ. ಕ್ಷಮೆ ಕೇಳಲು ಹೋದೆ ಎಂದರೆ ಸುಳ್ಳಾಗುತ್ತದೆ. ಆ ಬಾಟಲಿಯನ್ನು ಒಬ್ಬನೇ ಇಟ್ಟುಕೊಳ್ಳುವ ಶಕ್ತಿ ಇರಲಿಲ್ಲ, ಅಷ್ಟೇ.

ಬಾಗಿಲು ತೆರೆದವನು ಪ್ರಸನ್ನನೇ. ಸೊರಗಿದ್ದ. ಚಾರು ಒಳಗೆ ಮಲಗಿದ್ದಾಳೆ ಎಂದು ಸನ್ನೆ ಮಾಡಿದ. ನಾನೂ ಸನ್ನೆಯಲ್ಲೇ ಹೊರಗೆ ಕರೆದೆ. ಮಹಡಿಯ ಮೆಟ್ಟಿಲ ಮೇಲೆ ನಿಂತು ಚೀಲದಿಂದ ಬಾಟಲಿ ತೆಗೆದೆ. ಅವನು ಅದನ್ನು ನೋಡಿದ, ನನ್ನ ಮುಖ ನೋಡಿದ, ಮೆಲ್ಲಗೆ ಮೆಟ್ಟಿಲ ಮೇಲೆ ಕೂತುಬಿಟ್ಟ.

'ತುಳಸಿ ಎಲೆಯೂ ಸಿಕ್ತಾ ಮಾವ?' ಎಂದ.

ನಾನೂ ಅವನ ಪಕ್ಕದಲ್ಲಿ ಕೂತೆ. ಅವನು ದನಿ ತಗ್ಗಿಸಿ ಹೇಳಿದ.

'ಅವತ್ತು ಭಾನುವಾರ ಕಾರ್ಬುರೇಟರ್ ಬಟ್ಟಲು ಬಿಚ್ಚಿದ್ನಲ್ಲ, ಅದರಲ್ಲಿ ನೀರು, ಮಣ್ಣು, ಎಲೆ ಚೂರು ಎಲ್ಲಾ ಇತ್ತು. ಅಭೀನ ಕರೆದು ತೋರಿಸ್ದೆ. ಅವನು ನಕ್ಕ. ಗೊತ್ತದ ಭಾವಾ, ಅಮ್ಮನ ಕೆಲಸ ಅದು, ಹಾಕ್ಲಿ ಬಿಡ್ರಿ, ಆಕೀಗೆ ಸಮಾಧಾನ ಅಂದ. ಶುಕ್ರವಾರ ಬೆಳಿಗ್ಗೆ ಗಾಡಿ ಏಳಲ್ವಂತೆ. ಬಟ್ಟಲಿನ ತಿರುಪು ಬಿಚ್ಚಿ ನೀರು ಚೆಲ್ಲಿ, ಆಮೇಲೆ ಹೋಗ್ತಿದ್ನಂತೆ. ಅದಕ್ಕೇ ಅಂತ ಒಂದು ಸ್ಕ್ರೂಡ್ರೈವರ್ ಇಟ್ಕೊಂಡಿದ್ದ.'

'ಬಟ್ಟಲಿಂದು ಚೆಲ್ಲಿದ್ರ ಟ್ಯಾಂಕಿನ ತಳದಾಗ ಇದ್ದದ್ದು?'

'ಅದೇ ನಾನೂ ಅಂದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡೋಣ, ರಿಸರ್ವಿಗೆ ಬಂದ್ರೆ ನೀರೇ ಎಳ್ಕೊಳ್ಳುತ್ತೆ ಅಂದೆ. ಮುಂದಿನ ಭಾನುವಾರ ಮಾಡೋಣ್ರಿ ಅಂದ. ಹಸಿವಾಗಿದೆ ಅಂದ. ಇಬ್ಬರೂ ಊಟಕ್ಕೆ ಬಂದ್ವಿ.' ಬಾಟಲಿಯನ್ನು ನನ್ನ ಕೈಯಿಂದ ತೆಗೆದು ಮೆಟ್ಟಿಲ ಮೇಲೆ ಇಟ್ಟ. 'ನಾನು ಅವತ್ತೇ ಹಟ ಹಿಡೀಬೇಕಿತ್ತು. ಅಷ್ಟರ ಮಟ್ಟಿಗೆ ನೀವಂದಿದ್ದು ಸುಳ್ಳಲ್ಲ.'

'ಮತ್ತ ಹದಿಮೂರನೇ ದಿವಸ ಯಾಕ ಸುಮ್ಮನ ನಿಂತ್ರಿ? ನಾ ಅಷ್ಟು ಅಂದ್ರೂ?' ಬಹುವಚನ ತಾನೇ ತಾನಾಗಿ ಮರಳಿ ಬಂದಿತ್ತು.

'ಅತ್ತೆ ಎದುರಿಗೇ ಕೂತಿದ್ರಲ್ಲ ಮಾವ.'

ನಾನು ಸಿಡುಕ. ಯಾರ ಮೇಲಾದರೂ ಸಿಟ್ಟು ಮಾಡಿಕೊಂಡೇ ಇಷ್ಟು ವರ್ಷ ಬದುಕಿದವನು. ಆ ಮೆಟ್ಟಿಲ ಮೇಲೆ ಕೂತು ಹುಡುಕಿದೆ, ಯಾರೂ ಸಿಗಲಿಲ್ಲ. ಅಳಿಯ ಸುಮ್ಮನಿದ್ದರು, ಮಗ ಸುಮ್ಮನಿದ್ದ, ಹೆಂಡತಿ ದೇವರನ್ನು ನಂಬಿದ್ದಳು. ಎಲ್ಲರೂ ಒಳ್ಳೆಯವರೇ, ಮಗ ಮಾತ್ರ ಇಲ್ಲ. ಈ ಸಿಟ್ಟನ್ನು ಎಲ್ಲಿ ಇಳಿಸಲಿ?

'ಅತ್ತೆಗೆ ಹೇಳ್ಬೇಡಿ,' ಎಂದರು ಪ್ರಸನ್ನ. 'ಚಾರೂಗೂ ನಾನು ಹೇಳಿಲ್ಲ. ನನ್ನನ್ನೇ ಬೈಕೊಳ್ಳಲಿ. ಅಭ್ಯಾಸ ಆಗಿದೆ.'

'ಮತ್ತ ಬಾಣಂತನ?'

ಬಾಗಿಲಾಚೆ ಚಾರು ಕೆಮ್ಮಿದ ಸದ್ದು ಕೇಳಿಸಿತು. ನಾನು ಮಗಳ ಮುಖವನ್ನೂ ನೋಡದೆ ಎದ್ದು ಬಂದೆ.

ಆಟೋದಲ್ಲಿ ಬರುತ್ತ ಎರಡನ್ನೂ ತೂಗಿ ನೋಡಿದೆ. ನಿಜ ಹೇಳಿದರೆ ವೇಣಿ ಉಳಿಯುವುದಿಲ್ಲ. ಹೇಳದಿದ್ದರೆ ಮಗಳು ಉಳಿಯುವುದಿಲ್ಲ, ಹುಟ್ಟುವ ಕೂಸೂ ನಮ್ಮದಲ್ಲ. ನಡುವೆ ಒಂದೇ ಸಂದು ಕಂಡಿತು. ಬೈಯಲು ಅವಳಿಗೆ ಒಬ್ಬ ಮನುಷ್ಯ ಬೇಕು, ಆದರೆ ಅದು ಪ್ರಸನ್ನ ಅವರೇ ಆಗಬೇಕೆಂದೇನಿಲ್ಲ.

ಮನೆಗೆ ಬಂದವನೇ, ಚಪ್ಪಲಿ ಬಿಡುವ ಮೊದಲು ಹೇಳಿದೆ.

'ವೇಣಿ, ತಪ್ಪು ಪ್ರಸನ್ನ ಅವರದಲ್ಲ. ನಂದು. ಗಾಡ್ಯಾಗ ಪೆಟ್ರೋಲ್ ಕಡಿಮಿ ಅದ ಅಂತ ಆ ವಾರ ನಾ ಡಬ್ಬೀಲೆ ತಂದು ಹಾಕಿದ್ದೆ. ಆ ಡಬ್ಬ್ಯಾಗ ಮಳಿ ನೀರು ನಿಂತಿತ್ತು. ನಾ ನೋಡ್ಲಿಲ್ಲ.'

ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು.

'ನೋಡ್ಲಿಲ್ಲ,' ಎಂದಳು. ಪ್ರಶ್ನೆಯಲ್ಲ, ಬೈಗುಳವೂ ಅಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಂಜೆಗೆ ಹೊರಬಂದು ಚಾರುಗೆ ಫೋನ್ ಹಚ್ಚಿದಳು. 'ಬರ್ರಿ, ಇಬ್ಬರೂ ಬರ್ರಿ. ಪ್ರಸನ್ನ ಅವರಿಗೆ ಹೇಳು, ನಾ ಕೈ ಮುಗೀತೀನಿ ಅಂತ. ಪಾಪ, ಅವರ ಹೊಟ್ಟಿ ಉರಸಿದ್ನಿ' ಎಂದು ಅತ್ತಳು. ಅಭಿ ಹೋದ ಮೇಲೆ ಅವಳು ಹಾಗೆ ಬಿಚ್ಚಿ ಅತ್ತದ್ದು ಅದೇ ಮೊದಲು. ನಾನು ಗೆದ್ದೆನೆಂದೇ ಅಂದುಕೊಂಡೆ.

ಮರುದಿನದಿಂದ ನನಗೆ ತಟ್ಟೆಯಲ್ಲಿ ಊಟ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ದಿನಾ ಪೂಜೆಯಾದ ಮೇಲೆ ಅಂಗೈ ಚಾಚಿ ಕೂತರೆ ಅವಳು ತೀರ್ಥದ ಬಟ್ಟಲು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಹೆಚ್ಚು ಹೊತ್ತು ಕೈ ಚಾಚಿ ಕೂಡುವುದು ನನಗೇ ಅಸಹ್ಯವಾಗಿ, ಚಾಚುವುದನ್ನು ಬಿಟ್ಟೆ. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಪ್ರಸನ್ನ ಅವರಿಗೆ ಸಿಕ್ಕ ಬೈಗುಳದ ಪಾಲೂ ನನಗೆ ಸಿಗಲಿಲ್ಲ.

ಹೊತ್ತು ಹೋಗಬೇಕಲ್ಲ, ಕೆಳಗೆ ಕೂತು ಗಾಡಿ ಸರಿಮಾಡಿದೆ. ಟ್ಯಾಂಕನ್ನು ಪೂರಾ ಬಗ್ಗಿಸಿ ತೊಳೆದೆ. ಜಾಳಿಗೆ, ಬಟ್ಟಲು, ಕೂದಲೆಳೆಯಷ್ಟು ಸಣ್ಣ ತೂತಿನ ಜೆಟ್ಟು, ಎಲ್ಲವನ್ನೂ ಊದಿ ಒರೆಸಿದೆ. ಹೊಸ ಪೆಟ್ರೋಲ್ ಹಾಕಿ ಕಿಕ್ ತುಳಿದೆ. ಮೊದಲ ತುಳಿತಕ್ಕೇ ಎದ್ದಿತು. ಆ ಸದ್ದಿಗೆ ವೇಣಿ ಬಾಲ್ಕನಿಗೆ ಓಡಿ ಬಂದು ಬಗ್ಗಿ ನೋಡಿದಳು, ಮೊದಲು ಅಭಿ ಹೊರಡುವಾಗ ಬರುತ್ತಿದ್ದ ಹಾಗೆಯೇ. ಕೆಳಗಿರುವುದು ನಾನೆಂದು ಕಂಡು ಒಳಗೆ ಹೋದಳು. ನಾನು ಗಾಡಿ ಬಂದ್ ಮಾಡಿದೆ.

ಗುರುವಾರ ಸಂಜೆ ಚಾರು ಆಟೋದಲ್ಲಿ ಬಂದಳು. ಹಿಂದೆಯೇ ಪ್ರಸನ್ನ ತಮ್ಮ ಮೋಟರ್‌ಸೈಕಲ್ಲಿನ ಮೇಲೆ ಅವಳ ಬಟ್ಟೆಯ ಚೀಲ ಕಟ್ಟಿಕೊಂಡು ಬಂದರು. ತಾಯಿ ಮಗಳು ಬಾಗಿಲಲ್ಲೇ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತರು. ಪ್ರಸನ್ನ ಗಾಡಿಯ ಬೀಗದಕೈಯನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದರು. ಅಭಿಯ ಬೀಗದಕೈ ತೂಗುತ್ತಿದ್ದ ಮೊಳೆ ಅದು, ಅವರಿಗೆ ಗೊತ್ತಿರಲಿಕ್ಕಿಲ್ಲ. ವೇಣಿ ಅದನ್ನು ನೋಡುತ್ತಲೇ ನಿಂತಳು.

ಮಂಗಳಾರತಿಯಾಯಿತು. ಚಾರುಗೆ ತೀರ್ಥ ಹಾಕಿದಳು, ಪ್ರಸನ್ನ ಅವರಿಗೆ ಎರಡೆರಡು ಸಲ ಹಾಕಿದಳು, ನನ್ನನ್ನು ದಾಟಿ ಹೋದಳು. ಚಾರು ಅದನ್ನು ಕಂಡು ಏನೋ ಕೇಳಲು ಬಾಯಿ ತೆರೆದಳು. ನಾನು ಕಣ್ಣಿನಲ್ಲೇ ಬೇಡವೆಂದೆ. ಮಗಳು ಮನೆಯಲ್ಲಿದ್ದಾಳೆ, ಸಾಕು, ಇನ್ನೇನು ಬೇಕು ಎಂದು ನನಗೆ ನಾನೇ ಹೇಳಿಕೊಂಡು ಹೊರಗಿನ ಕೋಣೆಯಲ್ಲಿ ಕೂತೆ. ಪ್ರಸನ್ನ ನಾಳೆ ಎಷ್ಟು ಹೊತ್ತಿಗೆ ಆಫೀಸಿಗೆ ಹೊರಡಬೇಕು ಎಂದು ಹೇಳುತ್ತಿದ್ದರು. ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು, ಮತ್ತೆ ಹೊಡೆಯಿತು. ಒಲೆ ಆರಿಸಲು ಯಾರೂ ಹೋಗಲಿಲ್ಲ. ಎದ್ದು ನೋಡಿದೆ, ಅಡುಗೆಮನೆಯಲ್ಲಿ ವೇಣಿ ಇರಲಿಲ್ಲ. ದೇವರಮನೆಯಲ್ಲೂ ಇರಲಿಲ್ಲ. ತೀರ್ಥದ ಬಟ್ಟಲಿತ್ತು, ಉದ್ಧರಣೆ ಇರಲಿಲ್ಲ. ಬೆಳ್ಳಿಯ ಭರಣಿಯ ಮುಚ್ಚಳ ತೆರೆದಿತ್ತು.

ಮೊಳೆಯ ಕಡೆಗೆ ನೋಡಿದೆ. ಬೀಗದಕೈ ಇರಲಿಲ್ಲ.

ಈ ವಯಸ್ಸಿನಲ್ಲಿ ನಾನು ಹಾಗೆ ಮೆಟ್ಟಿಲಿಳಿಯಬಾರದು. ಇಳಿದೆ. ಪಾರ್ಕಿಂಗಿನ ದೀಪದ ಕೆಳಗೆ ಅವಳು ಪ್ರಸನ್ನ ಅವರ ಗಾಡಿಯ ಪಕ್ಕದಲ್ಲಿ ನಿಂತಿದ್ದಳು. ಟ್ಯಾಂಕಿನ ಮುಚ್ಚಳ ತೆರೆದಿತ್ತು. ಉದ್ಧರಣೆ ಹಿಡಿದ ಕೈ ಅದರ ಮೇಲೆ ಬಗ್ಗುತ್ತಿತ್ತು, ಬಾಯಲ್ಲಿ ರಾಯರ ಸ್ತೋತ್ರ. ನಾನು ಅವಳ ಮಣಿಕಟ್ಟು ಹಿಡಿದೆ.

'ಕೈ ಬಿಡ್ರಿ,' ಎಂದಳು. ಇಷ್ಟು ದಿನಗಳ ಮೇಲೆ ನನಗೆ ಆಡಿದ ಮೊದಲ ಮಾತು. 'ನಿಮ್ಮ ಕೈ ಹತ್ತಿ ಒಂದು ಗಾಡಿ ಹಾಳಾದದ್ದು ಸಾಕು. ಇವರನ್ನರೆ ನಾ ಕಾಯ್ತೀನಿ.'

'ಬ್ಯಾಡ, ವೇಣಿ. ಪೆಟ್ರೋಲಿನ್ಯಾಗ ನೀರು ಹೋಗಬಾರದು.'

'ಇದು ನೀರಲ್ಲ.'

ನಾನು ಉತ್ತರ ಕೊಡಬೇಕಾಗಿತ್ತು. ಏನಾದರೂ ಒಂದು ಹೇಳಿ, ಗದರಿಸಿಯಾದರೂ, ಅವಳನ್ನು ಮೇಲೆ ಕರೆದೊಯ್ಯಬೇಕಾಗಿತ್ತು. ಎಲ್ಲದಕ್ಕೂ ಬಾಯಿ ಮಾಡುವವನಿಗೆ ಆ ಹೊತ್ತಿನಲ್ಲಿ ಒಂದು ಮಾತೂ ಹುಟ್ಟಲಿಲ್ಲ. ಕೈಯನ್ನೂ ಬಿಡಲಾಗಲಿಲ್ಲ. ಉದ್ಧರಣೆಯೊಳಗೆ ಕಂದು ನೀರು, ಅದರ ಮೇಲೆ ಹಸಿರು ತುಳಸಿ ದಳ ತೇಲುತ್ತಿತ್ತು. ಅವಳು ಅದನ್ನು ನೋಡಿದಳು. ತೆರೆದ ಟ್ಯಾಂಕು ನೋಡಿದಳು. ಪಕ್ಕದಲ್ಲಿ ನಿಂತಿದ್ದ ಅಭಿಯ ಗಾಡಿ ನೋಡಿದಳು. ಆಮೇಲೆ ನನ್ನ ಮುಖ.

'ಡಬ್ಬಿ ಇರಲಿಲ್ಲ,' ಎಂದಳು.

ನಾನು ಇರಲಿಲ್ಲವೆಂದು ತಲೆಯಾಡಿಸಿದೆ.

'ಅವಗ ಗೊತ್ತಿತ್ತೇನು?'

ಇಲ್ಲವೆಂದು ಹೇಳಬಹುದಾಗಿತ್ತು. ಸುಳ್ಳು ಹೇಳಿ ಹೇಳಿ ನನಗೆ ಸಾಕಾಗಿತ್ತು.

'ಗೊತ್ತಿತ್ತು. ಶುಕ್ರವಾರ ಶುಕ್ರವಾರ ತೆಗದು ಚೆಲ್ಲಿ ಹೋಗ್ತಿದ್ದ. ಅಮ್ಮಗ ಸಮಾಧಾನ, ಹಾಕ್ಲಿ ಅಂತಿದ್ನಂತ.'

ಅವಳು ಅಳಲಿಲ್ಲ. ಉದ್ಧರಣೆಯಿಂದ ಒಂದು ಹನಿಯೂ ಚೆಲ್ಲದ ಹಾಗೆ ಕೈಯನ್ನು ಮೆಲ್ಲಗೆ ನನ್ನ ಹಿಡಿತದಿಂದ ಬಿಡಿಸಿಕೊಂಡಳು. ಎಡಗೈಯಿಂದ ಟ್ಯಾಂಕಿನ ಮುಚ್ಚಳ ಹಾಕಿ ಬೀಗ ತಿರುಗಿಸಿದಳು. ತೀರ್ಥವನ್ನು ನೆಲಕ್ಕೆ ಹಾಕುವಂತಿಲ್ಲ. ತನ್ನ ಬಾಯಿಗೇ ಸುರಿದುಕೊಂಡಳು, ಎಲೆಯ ಸಮೇತ ನುಂಗಿದಳು, ಒದ್ದೆ ಕೈಯನ್ನು ರೂಢಿಯಂತೆ ತಲೆಗೆ ಸವರಿಕೊಂಡಳು. ಆಮೇಲೆ ಅಭಿಯ ಗಾಡಿಯ ಹತ್ತಿರ ಹೋಗಿ, ಅದರ ಚಕ್ರಕ್ಕೆ ಬೆನ್ನು ಕೊಟ್ಟು ಕೂತಳು. ಮೇಲಿನಿಂದ ಚಾರು ಕೂಗುತ್ತಿದ್ದಳು, ಅಮ್ಮಾ, ಅನ್ನ ತಣ್ಣಗಾಗ್ತದ ಎಂದು. ನಾನೂ ಕೂತೆ. ನೆಲ ಕೊರೆಯುತ್ತಿತ್ತು.

'ಈಗ ಏಳ್ತದೇನು ಇದು?' ಎಂದು ಕೇಳಿದಳು, ಬಹಳ ಹೊತ್ತಿನ ಮೇಲೆ.

'ಏಳ್ತದ,' ಎಂದೆ. 'ಒಂದ ಕಿಕ್ಕಿಗೆ.'